ದರಿಂಕಾ ಬಾಯಿ ತೆರೆಯುವ ಮೊದಲು

ಈ ಕಥೆಯನ್ನು ಎಲ್ಲಿಂದ ಶುರುಮಾಡಬೇಕೆಂದು ನನಗಿನ್ನೂ ಗೊತ್ತಾಗಿಲ್ಲ. ಆಸ್ಪತ್ರೆಯಿಂದ ಶುರುಮಾಡಿದರೆ ಡಾಕ್ಟರೇ ನಾಯಕರಾಗಿಬಿಡುತ್ತಾರೆ. ಬಾಲ್ಯದಿಂದಾದರೆ ನೀವು ಈಗಲೇ ಕರವಸ್ತ್ರ ಹುಡುಕುತ್ತೀರಿ. ಎರಡನ್ನೂ ಬರೆದು ಅಳಿಸಿದ್ದೇನೆ. ಅಡುಗೆಮನೆಯಿಂದ ನೋಡೋಣ.

೧

ಬೆಲ್‌ಗ್ರೇಡಿನ ಒಂದು ಹಳೆಯ ಕಟ್ಟಡ, ಮೇಲಿನ ಮಹಡಿ. ಊರಿನಿಂದ ಮಗಳ ಮನೆಗೆ ಬಂದಿರುವ ರೂಜಿತ್ಸಾ ಚಳಿಗಾಲಕ್ಕೆ ಆಯ್ವಾರ್ ಎಂಬ ಚಟ್ನಿ ಮಾಡಿಡಲೆಂದು ಕೆಂಪು ದಪ್ಪ ಮೆಣಸಿನಕಾಯಿ ಸುಡುತ್ತಿದ್ದಾಳೆ. ಆ ಹೊಗೆಗೆ ಕೆಮ್ಮಲೂಬಾರದೆ ಮಗಳು ದರಿಂಕಾ ಕಿಟಕಿಯ ಬಳಿ ನಿಂತಿದ್ದಾಳೆ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುತ್ತಿರುವ ಅವಳಿಗೆ ದನಿಯೊಂದು ಮಾತ್ರ ಜೊತೆಗೂಡಿರಲಿಲ್ಲ. ಅದಕ್ಕೇ ಶಸ್ತ್ರಚಿಕಿತ್ಸೆ: ಧ್ವನಿತಂತುಗಳ ತುದಿ ಸೇರಿಸಿ ಹೊಲಿದಿದ್ದಾರೆ. ಹೊಲಿಗೆ ಮಾಯುವವರೆಗೆ ಪಿಸುಮಾತೂ ಇಲ್ಲ. ಏನಿದ್ದರೂ ಮೊಬೈಲಿನಲ್ಲಿ ಟೈಪ್ ಮಾಡಿ ತೋರಿಸಬೇಕು. ಅಮ್ಮನಿಗೆ ಕನ್ನಡಕ ಸಿಕ್ಕರೆ ಸಂಭಾಷಣೆ, ಸಿಗದಿದ್ದರೆ ಭಾಷಣ.

"ಕಿಟಕಿ ಇನ್ನಷ್ಟು ತೆಗಿ ಮಗನೇ."

(ತಪ್ಪು ತಿಳಿಯಬೇಡಿ. ಇಲ್ಲಿ ಹೆಣ್ಣುಮಕ್ಕಳನ್ನೂ ಮುದ್ದಿಗೆ ‘ಮಗನೇ’ ಅಂತಲೇ ಕರೆಯುತ್ತಾರೆ. ಆದರೆ ರೂಜಿತ್ಸಾ ಕರೆಯುತ್ತಿರುವುದು ಮಗಳನ್ನೋ, ಹಳೆಯ ಮಗನನ್ನೋ? ದರಿಂಕಾಳಿಗೆ ತಿಳಿಯದು. ಬರೆಯುತ್ತಿರುವ ನನಗೂ.)

೨

ಮೊದಲ ಕರಡಿನಲ್ಲಿ ರೂಜಿತ್ಸಾಳನ್ನು ಕೆಟ್ಟ ತಾಯಿ ಮಾಡಿದ್ದೆ. ಕಥೆ ಸಲೀಸಾಗಿ ಓಡುತ್ತಿತ್ತು. ಅವಳೇ ನನ್ನನ್ನು ತರಾಟೆಗೆ ತೆಗೆದುಕೊಂಡಳು: "ಆಪರೇಷನ್ ದಿನ ಹೊರಗೆ ಬೆಂಚಿನ ಮೇಲೆ ಕೂತಿದ್ದೋರು ಯಾರಪ್ಪಾ? ನೀನಾ?"

ಅಳಿಸಿ, ದೇವತೆ ಮಾಡಿದೆ. ಈ ಸಲ ದರಿಂಕಾ ಮೊಬೈಲು ಎತ್ತಿ ತೋರಿಸಿದಳು: ನಮ್ಮಮ್ಮನ ಜೊತೆ ಒಂದು ವಾರ ಇದ್ದು ನೋಡು, ಆಮೇಲೆ ಬರಿ.

೩

ಆದದ್ದು ಇಷ್ಟು. ಇಬ್ಬರೂ ಸುಟ್ಟ ಸಿಪ್ಪೆ ಸುಲಿಯುತ್ತ ಕೂತಿದ್ದಾಗ ರೂಜಿತ್ಸಾ ತಲೆಯೆತ್ತದೆ ಹೇಳಿದಳು.

"ನಿಮ್ಮಪ್ಪ ಹೋದ್ಮೇಲೆ ನಾನ್ಯಾಕೆ ದಿನಾ ಫೋನ್ ಮಾಡ್ತಿದ್ದೆ ಗೊತ್ತಾ? ನಿಂದು ಥೇಟ್ ಅವರದೇ ದನಿ. ‘ಊಟ ಆಯ್ತಾ’ ಅಂತ ನೀನು ಕೇಳಿದ್ರೆ, ಅವರೇ ಒಳಕೋಣೆಯಿಂದ ಕೇಳ್ದಂಗಿರ್ತಿತ್ತು."

ದರಿಂಕಾಳ ಕೈ ನಿಂತಿತು. ಆ ದನಿಗೆ ಹೆದರಿಯೇ ಅವಳು ಬೇಕರಿಯಲ್ಲಿ ಬ್ರೆಡ್ಡನ್ನೂ ಬೆರಳು ತೋರಿಸಿ ಕೊಳ್ಳುತ್ತಿದ್ದಳು. ಅಮ್ಮ ಅದೇ ದನಿಗೆ ಕಾದು ಕೂರುತ್ತಿದ್ದಳೇ? ರಸ ಅಂಟಿದ ಬೆರಳಲ್ಲೇ ಟೈಪ್ ಮಾಡಿದಳು: ಮೊದಲೇ ಯಾಕೆ ಹೇಳಲಿಲ್ಲ?

ರೂಜಿತ್ಸಾ ಕನ್ನಡಕ ಏರಿಸಿ ಓದಿದಳು. "ಹೇಳಿದ್ರೆ ನೀನು ಆಪರೇಷನ್ ಮಾಡಿಸ್ಕೊತಿರ್ಲಿಲ್ಲ. ಅದಕ್ಕೇ."

ದರಿಂಕಾ ಮತ್ತೆ ಟೈಪ್ ಮಾಡಿದಳು: ಹಾಗಾದ್ರೆ ಈಗ ಯಾಕೆ ಹೇಳಿದೆ?

"ಈಗ ನಿಂಗೆ ತಿರುಗಿ ಬೈಯಕ್ಕಾಗಲ್ವಲ್ಲ."

ದರಿಂಕಾಳಿಗೆ ನಗು ಬಂತು, ನಗಬಾರದು. ಅಳು ಬಂತು, ಅದೂ ಕೂಡದು. ಕೋಪ ಬಂದಿದೆಯೋ ಇಲ್ಲವೋ ಎಂಬುದೂ ತಿಳಿಯದೆ, ಮೂಗಿನಲ್ಲಿ ಉಸಿರು ಬಿಡುತ್ತ ಇನ್ನೊಂದು ಮೆಣಸಿನಕಾಯಿ ಕೈಗೆತ್ತಿಕೊಂಡಳು. (ಈ ಜಾಗದಲ್ಲಿ ಅವಳ ಮನಸ್ಸಿನ ಬಗ್ಗೆ ಒಂದು ಒಳ್ಳೆಯ ವಾಕ್ಯ ಇರಬೇಕಿತ್ತು. ಹೊಳೆಯಲಿಲ್ಲ.)

೪

ಮಾತಾಡಬಹುದು ಎಂದು ಡಾಕ್ಟರು ಒಪ್ಪಿಗೆ ಕೊಟ್ಟ ದಿನ. ನಿಮಗೀಗ ಒಂದು ಅಂತ್ಯ ಬೇಕು.

ಅಂತ್ಯ ಒಂದು: ಬೆಳ್ಳಿಗಂಟೆಯಂಥ ದನಿ, ತಾಯಿಮಗಳ ಅಪ್ಪುಗೆ. ಅಂತ್ಯ ಎರಡು: ತಾಯಿ ಮಾತಿಲ್ಲದೆ ಊರಿನ ಬಸ್ಸು ಹತ್ತುತ್ತಾಳೆ. ಎರಡನ್ನೂ ಓದಿದ ದರಿಂಕಾ ಟೈಪ್ ಮಾಡಿದಳು: ಸೀರಿಯಲ್ ಬರೀತಿದೀಯಾ?

ನಿಜಕ್ಕೂ ಬಂದದ್ದು ತುಕ್ಕು ಹಿಡಿದ ಕೀಲಿನ ಸದ್ದು. "ಅಮ್ಮಾ" ಎನ್ನಲು ಹೋದಳು. ಅರ್ಧ ಸದ್ದಾಯಿತು, ಅರ್ಧ ಬರೀ ಗಾಳಿ. ಅಪ್ಪನದಂತೂ ಅಲ್ಲ. ಹೆಂಗಸಿನದೋ? ಅದನ್ನೂ ಹೇಳುವಂತಿಲ್ಲ. ದನಿ ಕೂಡಲು ತಿಂಗಳುಗಳೇ ಬೇಕು ಎಂದು ಡಾಕ್ಟರು ಎಚ್ಚರಿಸಿದ್ದು ಆ ಹೊತ್ತಿಗೆ ಯಾರ ನೆನಪಿಗೂ ಬರಲಿಲ್ಲ.

ರೂಜಿತ್ಸಾ ಎದ್ದು ಕೋಟು ತೊಟ್ಟು ಹೊರಟೇಬಿಟ್ಟಳು. ಬಾಗಿಲು ಮುಚ್ಚಿತು. ಎರಡನೇ ಅಂತ್ಯವೇ ಗೆದ್ದಿತೆಂದು ನಾನೂ ಅಂದುಕೊಂಡೆ.

ಸ್ವಲ್ಪ ಹೊತ್ತಿಗೆ ಮೊಬೈಲು ಗುನುಗಿತು. ದರಿಂಕಾ ಕಿಟಕಿಯಿಂದ ಬಗ್ಗಿ ನೋಡಿದಳು. ಕೆಳಗೆ ಅಂಗಳದಲ್ಲಿ, ಕಟ್ಟಡಕ್ಕೆ ಬೆನ್ನು ಮಾಡಿ ನಿಂತ ಅಮ್ಮ ಫೋನನ್ನು ಕಿವಿಗೆ ಒತ್ತಿಕೊಂಡಿದ್ದಾಳೆ.

"ಯಾರು ಮಾತಾಡೋದು?"

"ನಾನು," ಎಂದಳು ದರಿಂಕಾ. ಗರಗರ.

ಟ್ರಾಮೊಂದು ಹಾದುಹೋಯಿತು.

"ಇನ್ನೊಂದ್ಸಲ ಹೇಳು."

ಕೇಳಿಸದೆ ಹಾಗಂದಳೋ, ಕೇಳಿಸಿದ್ದಕ್ಕೋ? ಬೆನ್ನು ನೋಡಿ ಹೇಳಲಾಗುತ್ತಿಲ್ಲ. ಮುಖದ ಕಡೆಗೆ ಹೋಗಿ ನೋಡುವ ಧೈರ್ಯ ನನಗಿಲ್ಲ. ಅಲ್ಲದೆ ಕಥೆಯ ತುಂಬ ಮಾತಾಡಿದವನು ನಾನೇ. ಇಗೋ, ದರಿಂಕಾ ಬಾಯಿ ತೆರೆಯುತ್ತಿದ್ದಾಳೆ.

ನಾನು ಸುಮ್ಮನಾಗುವುದು ಒಳ್ಳೆಯದು.