ಹಳದಿ ರೆಕ್ಕೆ

“ಇದಲ್ಲ ಕಣ್ಲಾ,” ಎಂದ ಯತೀಶ, ಹಳದಿ ಹೊಡೆದ ತಗಡಿನ ಚೂರನ್ನು ಬಿಸಿಲಿಗೆ ಹಿಡಿದು ಹಿಂದೆ ಮುಂದೆ ತಿರುಗಿಸುತ್ತ.

“ಇದೂ ಅಲ್ವಾ?” ಮಕ್ಸೂದ್ ಸ್ಪ್ರೇ ಗನ್ನನ್ನು ಮೊಳೆಗೆ ನೇತುಹಾಕಿ ಸೊಂಟದ ಮೇಲೆ ಕೈಯಿಟ್ಟುಕೊಂಡ. “ಸ್ಕೂಲ್ ಬಸ್ಸಿಂದು ಆಯ್ತು, ಜೆಸಿಬೀದು ಆಯ್ತು, ಟ್ಯಾಕ್ಸಿ ನಂಬರ್ ಪ್ಲೇಟಿಂದೂ ಆಯ್ತು. ಇನ್ಯಾವ ಅಳದಿ ಉಳ್ಕಂಡೈತೆ ಯೋಳು. ನಿಂಬೆಹಣ್ಣು ಇಂಡಿ ಒಡೀಲಾ?”

“ಇದು ಒಳೀತದೆ. ಅದು ಒಳೀತಿರ್ನಿಲ್ಲ. ಒಂದ್ ಕಡೆ ದಪ್ಪ, ಇನ್ನೊಂದ್ ಕಡೆ ತೆಳು. ಮುಟ್ಟುದ್ರೆ ಕೈಗೆ ಅಂಟ್ತದೆ ಅನ್ನಂಗಿತ್ತು.”

“ಅಂಗಾದ್ರೆ ಬಣ್ಣ ಒಡ್ದೋನಿಗೆ ಕೆಲ್ಸ ಬತ್ತಿರ್ನಿಲ್ಲ ಅನ್ನು,” ಎಂದು ಮಕ್ಸೂದ್ ತೀರ್ಪು ಕೊಟ್ಟು ಚಹಾ ಹೇಳಲು ಹೋದ.

ಮದ್ದೂರಿನ ಹಳೇ ಹೆದ್ದಾರಿಯ ಪಕ್ಕದಲ್ಲಿ ಮಕ್ಸೂದನ ಟಿಂಕರಿಂಗ್ ಮತ್ತು ಪೇಂಟಿಂಗ್ ಅಂಗಡಿ. ಹೊಸ ರಸ್ತೆ ಊರನ್ನು ಬಳಸಿಕೊಂಡು ಹೋದ ಮೇಲೆ ಅಲ್ಲಿಗೆ ಬರುವ ಕಾರುಗಳು ಕಡಿಮೆಯಾಗಿದ್ದವು, ಹರಟೆಗೆ ಬಿಡುವು ಹೆಚ್ಚಾಗಿತ್ತು. ಇಬ್ಬರೂ ಮದ್ದೂರಿನ ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು. ನೀರಾವರಿ ಇಲಾಖೆಯಲ್ಲಿ ನಾಲೆಗಳ ನಕ್ಷೆ ಬರೆದು ನಿವೃತ್ತನಾಗಿ ಈಗ ಮಂಡ್ಯದಲ್ಲಿರುವ ಯತೀಶ, ವಾರಕ್ಕೊಮ್ಮೆಯಾದರೂ ಬಸ್ಸು ಹತ್ತಿ ಇಲ್ಲಿಗೆ ಬರುತ್ತಿದ್ದ. ಬಂದರೆ ಬಗಲಲ್ಲಿ ಒಂದು ಚಪ್ಪಲಿ ಡಬ್ಬ, ಡಬ್ಬದಲ್ಲಿ ಹತ್ತಿಯ ನಡುವೆ ಒಂದು ವಿಮಾನ ಇದ್ದೇ ಇರುತ್ತಿತ್ತು.

ಪುಟಾಣಿ ವಿಮಾನಗಳನ್ನು ಕಟ್ಟುವುದು ಅವನಿಗೆ ಹಿಡಿದ ಹುಚ್ಚು. ಕಟ್ಟುವುದಕ್ಕಿಂತ ಹೆಚ್ಚಾಗಿ, ಆ ವಿಮಾನದ ಮೇಲೆ ಯಾವ ಗುರುತು ಎಲ್ಲಿತ್ತು, ಯಾವ ಅಕ್ಷರ ಎಷ್ಟು ದಪ್ಪವಿತ್ತು ಎಂದು ಪತ್ತೆ ಮಾಡುವ ಹುಚ್ಚು. ಒಮ್ಮೆ ಬಾಲದ ಮೇಲಿನ ಮೂರು ಬಣ್ಣದ ಪಟ್ಟಿ ಕೂದಲೆಳೆಯಷ್ಟು ಅಗಲವಾಯಿತೆಂದು ಇಡೀ ಬಾಲವನ್ನೇ ಕೆರೆದು ಹಾಕಿದ್ದ. ಬಣ್ಣ ಹೊಡೆದ ವಿಮಾನವನ್ನು ಬಿಳಿ ಕೈಗವಸು ಹಾಕದೆ ಮುಟ್ಟುತ್ತಿರಲಿಲ್ಲ. ಒಂದು ಬೆರಳಿನ ಗುರುತು ಬಿದ್ದರೂ ತಿಂಗಳ ಕೆಲಸ ನೀರುಪಾಲು ಎನ್ನುತ್ತಿದ್ದ. “ನಮ್ಮನೇವ್ರು ವಿಮಾನದ ಬಾಣಂತನ ಮಾಡ್ತವ್ರೆ” ಎಂದು ಅವನ ಹೆಂಡತಿ ಕವಿತ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಆದರೆ ಈಗ ಡಬ್ಬದಲ್ಲಿದ್ದದ್ದು ಅವನ ಬೇರೆ ವಿಮಾನಗಳಂತಲ್ಲ. ಅದು ಪುಷ್ಪಕ್, ಹಾರಾಟ ಕಲಿಸುವ ಕ್ಲಬ್ಬುಗಳಲ್ಲಿ ಹಿಂದೆ ಇರುತ್ತಿದ್ದ ಇಬ್ಬರು ಕೂರುವ ಸಣ್ಣ ವಿಮಾನ. ಮೈಯ ಮೇಲ್ಗಡೆಗೆ ಚಪ್ಪರ ಹಾಕಿದ ಹಾಗೆ ಉದ್ದಕ್ಕೂ ಒಂದೇ ರೆಕ್ಕೆ. ಅಂಗಡಿಯಲ್ಲಿ ಅದರ ಬಿಡಿಭಾಗಗಳ ಪೆಟ್ಟಿಗೆ ಸಿಗುವುದಿಲ್ಲವಾದ್ದರಿಂದ, ಪ್ಲಾಸ್ಟಿಕ್ ಹಾಳೆ ಕತ್ತರಿಸಿ ನಲವತ್ತೆಂಟರಲ್ಲಿ ಒಂದು ಪಾಲಿನ ಅಳತೆಗೆ ತಾನೇ ಕಟ್ಟಿದ್ದ. ಯತೀಶ ಐದು ವರ್ಷದವನಿದ್ದಾಗ, ಒಂದು ಸಂಕ್ರಾಂತಿಯ ದಿನ, ಅಂಥದೊಂದು ವಿಮಾನ ದಾರಿ ತಪ್ಪಿ ಬೆಸಗರಹಳ್ಳಿಯಲ್ಲಿ ಅವರ ಕುಯ್ಲಾದ ಹೊಲಕ್ಕೆ ಇಳಿದಿತ್ತು.

ಆ ದಿನದ್ದು ಅವನಿಗೆ ನೆನಪಿರುವುದು ಒಂದೇ. ಅಪ್ಪನ ಹೆಗಲ ಮೇಲೆ ಕೂತಿದ್ದಾನೆ, ಅಪ್ಪನ ತಲೆಯಿಂದ ಹರಳೆಣ್ಣೆಯ ವಾಸನೆ ಬರುತ್ತಿದೆ, ಕಣ್ಣ ಮುಂದೆ ಜಗಲಿಯಷ್ಟು ಅಗಲಕ್ಕೆ ಹಳದಿ ರೆಕ್ಕೆ. ಅಷ್ಟೆ. ಮುಂದಿನ ಮಳೆಗಾಲದಲ್ಲಿ ಅಪ್ಪ ತಿಮ್ಮಯ್ಯ ಜ್ವರ ಬಂದು ತೀರಿಕೊಂಡ. ಅವ್ವ ಮಗನನ್ನು ಕಟ್ಟಿಕೊಂಡು ಮದ್ದೂರಿನ ತನ್ನ ಅಣ್ಣನ ಮನೆಗೆ ಬಂದಳು. ಅಪ್ಪನ ಮುಖ ಯತೀಶನಿಗೆ ಗೊತ್ತಿರುವುದು ಗೋಡೆಯ ಮೇಲಿನ ಫೋಟೊದಿಂದ, ದನಿಯಂತೂ ನೆನಪೇ ಇಲ್ಲ. ಅಪ್ಪ ಎಂದರೆ ಆ ಹೆಗಲು, ಆ ಹಳದಿ.

ಅವ್ವನನ್ನು ಒಮ್ಮೆ ಕೇಳಿದ್ದ. “ಯಾವ ಇಮಾನ್ವೋ? ನಾನು ತೌರಲ್ಲಿದ್ದೆ. ಕನ್ಸು ಕಂಡಿರ್ತೀಯ ಸುಮ್ಕಿರು” ಎಂದುಬಿಟ್ಟಿದ್ದಳು. ಆದರೆ ವಿಮಾನ ಇಳಿದದ್ದು ಕನಸಲ್ಲ. ಹೊಲಕ್ಕೆ ಇಳಿದ ಕೂಡಲೇ ಊರಿನ ಮೇಷ್ಟ್ರು ತೆಗೆದಿದ್ದ ಕಪ್ಪುಬಿಳುಪು ಫೋಟೊ ಒಂದಿತ್ತು. ಅದರಲ್ಲಿ ವಿಮಾನದ ಮೈಮೇಲಿನ ಅಕ್ಷರಗಳು ಕಾಣುತ್ತಿದ್ದವು, ಸುತ್ತ ಜನ ನಿಂತಿದ್ದರು. ಆ ಜನರಲ್ಲಿ ಅಪ್ಪ ಇರಲಿಲ್ಲ. ರೆಕ್ಕೆಯ ಬಣ್ಣವನ್ನು ಕಪ್ಪುಬಿಳುಪು ಫೋಟೊ ಹೇಳುವುದಿಲ್ಲವಲ್ಲ. ಬೆಸಗರಹಳ್ಳಿಯಲ್ಲಿರುವ ಅಪ್ಪನ ತಂಗಿ ಮಾಯಮ್ಮತ್ತೆಗೆ ಫೋನು ಮಾಡಿ ರೆಕ್ಕೆ ಹಳದಿಯೇ ಅಲ್ಲವೇ ಎಂದು ಕೇಳಿದಾಗ “ಊಂ, ಅಳದಿ ಕಣಪ್ಪ” ಎಂದಿದ್ದಳು. ಅಲ್ಲಿಗೆ ಸಾಕಾಯಿತು. ಉಳಿದದ್ದು ಯಾವ ಹಳದಿ ಎಂಬುದೊಂದೇ.

ಚಹಾ ಬರುವ ಹೊತ್ತಿಗೆ ಯತೀಶನ ಮೊಬೈಲು ಗುಂಯ್ ಎಂದಿತು. ವಿಮಾನ ಕಟ್ಟುವವರ ವಾಟ್ಸಾಪ್ ಗುಂಪಿನಿಂದ ಪರಿಚಯವಾಗಿದ್ದ, ಹಿಂದೆ ಆ ವಿಮಾನವಿದ್ದ ಕ್ಲಬ್ಬಿನಲ್ಲೇ ಹಾರಾಟ ಕಲಿಸುತ್ತಿದ್ದ ಮೈಸೂರಿನ ಹಿರಿಯರೊಬ್ಬರು ಒಂದು ಬಣ್ಣದ ಫೋಟೊ ಕಳಿಸಿದ್ದರು. ಅದೇ ಪುಷ್ಪಕ್, ಅದೇ ಅಕ್ಷರಗಳು. ಹಾಲಿನಂಥ ಬಿಳಿ ಮೈ, ಬಿಳಿ ರೆಕ್ಕೆ, ಹೊಟ್ಟೆಯ ಉದ್ದಕ್ಕೆ ಒಂದು ನೀಲಿ ಗೆರೆ. ಕೆಳಗೆ ಬರೆದಿದ್ದರು: “ಇದು ನಮ್ಮಲ್ಲಿಗೆ ಬಂದಾಗಿನಿಂದ ಬಿಳಿಯೇ. ಹಳದಿ ವಿಮಾನ ನಮ್ಮ ಕ್ಲಬ್ಬಿನಲ್ಲಿ ಯಾವತ್ತೂ ಇರಲಿಲ್ಲ.”

ಯತೀಶ ಚಹಾ ಮುಟ್ಟಲಿಲ್ಲ. ಮಕ್ಸೂದ್ ಮೊಬೈಲು ಇಸಿದುಕೊಂಡು ನೋಡಿದ.

“ಒಳ್ಳೇದೇ ಆಯ್ತು ಬುಡು, ಬಿಳೀನೇ ಒಡಿಯಾನ. ಯಾಕ್ಲಾ, ಇಂಗ್ ಕುಂತ್ಬುಟ್ಟೆ?”

“ಅಳದಿ ಸುಳ್ಳಾದ್ರೆ ಎಗ್ಲೂ ಸುಳ್ಳು ಕಣೋ,” ಎಂದ ಯತೀಶ. “ಅವ್ವ ಅಂದಂಗೆ ಕನ್ಸೇ ಇರ್ಬೇಕು. ನಮ್ಮತ್ತೆ ನನ್ ಮನ್ಸು ನೋಯ್ಬಾರ್ದು ಅಂತ ಊಂ ಅಂದವ್ಳೆ. ನಮ್ಮಪ್ಪ ನನ್ನ ಎತ್ಕಂಡೇ ಇರ್ನಿಲ್ವೇನೋ.”

ಮಕ್ಸೂದ್ ಮೊಬೈಲು ವಾಪಸು ಕೊಟ್ಟ. ಹಳದಿ ಹೊಡೆದ ತಗಡಿನ ಚೂರುಗಳನ್ನೆಲ್ಲ ಗೋಣಿಚೀಲಕ್ಕೆ ಹಾಕಿ ಮೂಲೆಗೆ ತಳ್ಳಿದ.

ಬಿಳಿ ಹೊಡೆದರು. ನೀಲಿ ಗೆರೆ ಎಳೆದರು. ನಕ್ಷೆ ಬರೆಯುವ ಪೆನ್ನಿನಿಂದ ಯತೀಶ ಅಕ್ಷರಗಳನ್ನು ಬರೆದ. ಅವನ ಕೈಯಿಂದ ಅಷ್ಟು ಕರಾರುವಾಕ್ಕಾದ ವಿಮಾನ ಹಿಂದೆಂದೂ ಆಗಿರಲಿಲ್ಲ, ಮುಗಿದಾಗ ಅಷ್ಟು ಬೇಜಾರು ಕೂಡ ಹಿಂದೆಂದೂ ಆಗಿರಲಿಲ್ಲ. ಬಣ್ಣ ಕಾಯುವ ಪಾರದರ್ಶಕ ಲ್ಯಾಕರ್ ಲೇಪವೊಂದು ಬಾಕಿಯಿತ್ತು. ಹಬ್ಬ ಕಳೆಯಲಿ ಎಂದು ಬಿಟ್ಟ.

ಸಂಕ್ರಾಂತಿಗೆ ಅತ್ತೆಯಿಂದ ಫೋನು ಬರುವುದು ಪ್ರತಿವರ್ಷದ ಪದ್ಧತಿ. ಈ ಸಲ “ಅದ್ಯಾವ್ದೋ ಇಮಾನ ಮಾಡ್ತಿದ್ದೀಯಂತಲ್ಲ, ಮುಗುದ್ರೆ ತತ್ತಾ, ನೋಡಾನ” ಎಂದಳು. ಕವಿತ ತಂಗಿಯ ಮನೆಗೆ ಹೊರಟಿದ್ದಳು. ಯತೀಶ ಒಬ್ಬನೇ ಡಬ್ಬ ಹಿಡಿದು ಮದ್ದೂರಿನಲ್ಲಿ ಬಸ್ಸು ಬದಲಾಯಿಸಿ ಬೆಸಗರಹಳ್ಳಿಗೆ ಬಂದ. ಬಸ್ಸಿನ ತುಂಬ ಕಬ್ಬಿನ ಜಲ್ಲೆ, ಎಳ್ಳುಬೆಲ್ಲದ ತಟ್ಟೆ, ಹೊಸ ಲಂಗದ ಹುಡುಗಿಯರು. ಯಾರದೋ ಜಲ್ಲೆ ಡಬ್ಬಕ್ಕೆ ತಗಲದಂತೆ ದಾರಿಯುದ್ದಕ್ಕೂ ತೋಳು ಅಡ್ಡ ಹಿಡಿದಿದ್ದ.

ಅತ್ತೆಯ ಮನೆಯ ಮುಂದೆ ಅವಳ ಮಗ ಪುನೀತ್ ಎರಡು ಬಿಳಿ ಎತ್ತುಗಳನ್ನು ತೊಳೆದು ನಿಲ್ಲಿಸಿದ್ದ. ಸಂಜೆ ಕಿಚ್ಚು ಹಾಯಿಸಬೇಕು, ಬೆಂಕಿಯ ಮೇಲೆ ಎತ್ತುಗಳು ಜಿಗಿಯಬೇಕು. ಅದಕ್ಕೆ ಸಿಂಗಾರ ನಡೆದಿತ್ತು. ಮಾಯಮ್ಮ ಸೆರಗು ಸಿಕ್ಕಿಸಿಕೊಂಡು ಬಟ್ಟಲಿನಲ್ಲಿ ಕಲಸಿದ ಅರಿಶಿನವನ್ನು ಎತ್ತಿನ ಬೆನ್ನಿಗೆ ಬಳಿಯುತ್ತಿದ್ದಳು. ವಯಸ್ಸಾಗಿದ್ದರೂ ಈ ಕೆಲಸವನ್ನು ಅವಳು ಸೊಸೆಗೆ ಬಿಟ್ಟುಕೊಟ್ಟಿರಲಿಲ್ಲ.

“ಬಾಪ್ಪ. ಎಲ್ಲೈತೆ ನಿನ್ ಇಮಾನ, ತೋರ್ಸು.”

ಯತೀಶ ಜಗಲಿಯ ಮೇಲೆ ಕೂತು, ಕೈಗವಸು ತೊಟ್ಟು, ಹತ್ತಿ ಸರಿಸಿ ವಿಮಾನವನ್ನು ಎತ್ತಿ ಹಿಡಿದ. ಅವಳು ಕಣ್ಣು ಕಿರಿದು ಮಾಡಿ ಸುತ್ತಲೂ ನೋಡಿದಳು.

“ಅದೇ ಕಣ್ಲಾ. ಅದೇಯ. ಆದ್ರೆ ಇದೇನು, ಬರೀ ಮೈಲೈತೆ?”

“ಅದು ಬಿಳೀನೇ ಇದ್ದುದ್ದಂತೆ ಅತ್ತೆ. ಫೋಟೊ ಸಿಕ್ತು. ನೀನು ನೋಡುದ್ರೆ ಅಳದಿ ಅಂದಿದ್ದೆ.”

“ಬಂದಾಗ ಇಂಗೇ ಇತ್ತು ಬುಡು,” ಎಂದಳು ಮಾಯಮ್ಮ. “ಓಗೋವಾಗ ಇಂಗಿರ್ನಿಲ್ಲ. ನಾವೇ ಅಲ್ವಾ ಬಳ್ದಿದ್ದು.”

ಯತೀಶ ಎತ್ತಿನ ಕಡೆ ನೋಡಿದ. ಬಿಳಿಯ ಬೆನ್ನು ಅರ್ಧ ಹಳದಿಯಾಗಿತ್ತು, ಹೊಳಪಿಲ್ಲದ ಹಳದಿ, ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಪ್ರತಿವರ್ಷ ಬಂದು ಈ ಎತ್ತುಗಳನ್ನು ನೋಡಿಕೊಂಡು ಹೋಗುತ್ತಿದ್ದವನು ಅವನು. ಬಣ್ಣದ ಡಬ್ಬಗಳಲ್ಲಿ ಹುಡುಕಿದ್ದನೇ ಹೊರತು ಅತ್ತೆಯ ಬಟ್ಟಲಿಗೆ ಬಗ್ಗಿ ನೋಡಿರಲಿಲ್ಲ.

ಮಾಯಮ್ಮ ಕೈ ನಿಲ್ಲಿಸದೆ ಹೇಳಿದಳು. ವಿಮಾನ ಇಳಿದಾಗ ಊರಿನ ಹೆಂಗಸರೆಲ್ಲ ದನಗಳಿಗೆ ಅರಿಶಿನ ಬಳಿಯುತ್ತಿದ್ದರಂತೆ. ಬಟ್ಟಲು ಹಿಡಿದೇ ಹೊಲಕ್ಕೆ ಓಡಿದರು. ಪೈಲೆಟ್ಟು ಎಳೇ ಹುಡುಗ, ಬೆಂಗಳೂರು ಯಾವ ಕಡೆ ಎಂದು ಕೇಳಿದ. ಯಾರೋ ಗಂಭೀರವಾಗಿ “ನ್ಯಾರವಾಗ್ ಓಗು, ಮದ್ದೂರ್ ತಾವ ಎಡುಕ್ ತಿರೀಕೊ” ಎಂದರು. ಅವನು ಊಟ ಮಾಡಿದ, ಎಳ್ಳುಬೆಲ್ಲ ಜೇಬಿಗೆ ಹಾಕಿಕೊಂಡ. ಆಗ ಮಾಯಮ್ಮನ ಅವ್ವ, ಹಬ್ಬದ ದಿನ ಹೊಲಕ್ಕೆ ಬಂದದ್ದನ್ನು ಬರಿಮೈಯಲ್ಲಿ ಕಳಿಸುವುದುಂಟೇ ಎಂದಳಂತೆ. ಎತ್ತಿಗೆ ಬಳಿದ ಹಾಗೆ ಬಳಿದೇಬಿಟ್ಟರು.

“ಮೂತಿಗೆ ಬಳ್ದಿದ್ದು ನಾನು. ಆ ಮೇಲ್ಗಡೆ ರೆಕ್ಕೆ ಮಾತ್ರ ನಮ್ಗ್ಯಾರ್ಗೂ ಎಟುಕ್ನಿಲ್ಲ. ಅದುಕ್ಕೆ ನಮ್ಮಣ್ಣ ನಿನ್ನ ಎಗಲ್ ಮ್ಯಾಲೆ ಕೂರುಸ್ಕಂಡ. ರೆಕ್ಕೆಗೆಲ್ಲ ಬಳ್ದಿದ್ದು ನೀನೇಯ. ಎಲ್ಡ್ ಕೈಯಲ್ಲೂ ಬಳೀತಿದ್ದೆ. ನೆಪ್ಪಿಲ್ವಾ?”

ಯತೀಶ ವಿಮಾನವನ್ನು ಮೆಲ್ಲಗೆ ತೊಡೆಯ ಮೇಲೆ ಇಟ್ಟುಕೊಂಡ. ಹೆಗಲು ನಿಜ. ಹಳದಿ ನಿಜ. ಅತ್ತೆಯ ಮುಂದೆ ಅಳು ಬರುತ್ತದೇನೋ ಎಂದು ಹೆದರಿದ.

“ಅಪ್ಪ ಏನಾರ ಅಂದ್ನಾ ಅತ್ತೆ?”

“ಏನಂದಾನು. ‘ಮೂಲೆ ಬುಟ್ಬುಟ್ಟೆ ಕಣ್ಲಾ, ಅಲ್ಲೂ ಬಳಿ’ ಅಂದ. ಅಷ್ಟೊತ್ಗೆ ಪೈಲೆಟ್ಟು ಒತ್ತಾಯ್ತು ಅಂದ್ಬುಟ್ಟು ಎಲ್ರುನ್ನೂವೆ ದೂರ ಕಳ್ಸುದ. ನೀನು ಬಳ್ದ್ಯೋ ಇಲ್ವೋ ಕಾಣೆ.”

ಯತೀಶ ಕೈಗವಸುಗಳನ್ನು ಬಿಚ್ಚಿ ಮಡಿಸಿ ಜೇಬಿಗೆ ಹಾಕಿಕೊಂಡು, “ಬಟ್ಲು ಕೊಡತ್ತೆ” ಎಂದ. ಇದ್ದುದರಲ್ಲಿ ಸಣ್ಣದೆಂದು ಕಿರುಬೆರಳನ್ನೇ ಅದ್ದಿ, ಬಿಳಿ ರೆಕ್ಕೆಯ ಮೇಲೆ ಎಳೆದ. ಇನ್ನೊಂದು ಸಲ ಅದ್ದಿದ. ಮಾಯಮ್ಮ “ಮುಂದ್ಗಡೇದು ನಂದು” ಎಂದು ಅರಿಶಿನದ ಬೆರಳಿನಿಂದ ವಿಮಾನದ ಮೂತಿಗೆ ಒಂದು ಬೊಟ್ಟಿಟ್ಟಳು. ಅವತ್ತು ಸಂಜೆ ಎತ್ತುಗಳು ಕಿಚ್ಚು ಹಾಯುವಾಗ, ಅರಿಶಿನ ಒಣಗುತ್ತಿದ್ದ ವಿಮಾನವೂ ಜಗಲಿಯ ಮೇಲಿತ್ತು.

ಮಾರನೆಯ ದಿನ ಮಂಡ್ಯಕ್ಕೆ ಮರಳುವಾಗ ಮದ್ದೂರಿನಲ್ಲಿ ಇಳಿದ. ಅತ್ತೆ ಕಟ್ಟಿಕೊಟ್ಟಿದ್ದ ಎಳ್ಳುಬೆಲ್ಲ, ಅರಿಶಿನ ಪುಡಿಯ ಪೊಟ್ಟಣ ಎರಡನ್ನೂ ಮಕ್ಸೂದನ ಮೇಜಿನ ಮೇಲಿಟ್ಟು ಡಬ್ಬ ತೆರೆದ. ಮಕ್ಸೂದ್ ಎಳ್ಳುಬೆಲ್ಲ ಬಾಯಿಗೆ ಹಾಕಿಕೊಳ್ಳಲು ಹೋದವನು ಕೈ ಅಲ್ಲೇ ನಿಲ್ಲಿಸಿದ.

“ಏನ್ಲಾ ಇದು? ಯಾರ್ಲಾ ಇಂಗ್ ಮಾಡುದ್ದು?”

“ನಾನೇಯ. ಇದ್ರ ಮ್ಯಾಲೆ ಲ್ಯಾಕರ್ ಒಡ್ಕೊಡು. ಅಳಿಸ್ಬಾರ್ದು.” ಯತೀಶ ಎಲ್ಲವನ್ನೂ ಹೇಳಿದ, ಅಪ್ಪ ಆಡಿದ ಮಾತೊಂದನ್ನು ಬಿಟ್ಟು. ಅದನ್ನು ಇನ್ನೂ ಯಾರ ಜೊತೆಗೂ ಹಂಚಿಕೊಳ್ಳಲು ಅವನಿಗೆ ಮನಸ್ಸಾಗಿರಲಿಲ್ಲ.

ಮಕ್ಸೂದ್ ವಿಮಾನವನ್ನು ಬೆಳಕಿಗೆ ಹಿಡಿದು ರೆಕ್ಕೆಯ ಮೇಲಿನ ಬೆರಳ ಗೆರೆಗಳನ್ನು ನೋಡುತ್ತ ನಿಂತ. “ನಾನ್ ಅವತ್ತೇ ಯೋಳ್ನಿಲ್ವಾ, ಬಣ್ಣ ಒಡ್ದೋನಿಗೆ ಕೆಲ್ಸ ಬತ್ತಿರ್ನಿಲ್ಲ ಅಂತ,” ಎಂದ. “ಅಳ್ತೇನೂ ಕೆಟ್ಟೋಯ್ತು. ನಿನ್ ನಲವತ್ತೆಂಟ್ರ ಲೆಕ್ಕದಲ್ಲಿ ಈ ಬೆಳ್ಳು ಒಂದ್ ಮೊಳ ಅಗ್ಲ ಆಯ್ತದೆ.”

“ಆಗ್ಲಿ ಬುಡು.”

ಮಕ್ಸೂದ್ ಗನ್ನಿಗೆ ಲ್ಯಾಕರ್ ತುಂಬಿದ. ಹೊಡೆಯಲು ಎತ್ತಿದವನು, ಕಸುಬಿನವನ ಕಣ್ಣಲ್ಲವೇ, ಮತ್ತೆ ಇಳಿಸಿದ.

“ಇಲ್ನೋಡು, ಈ ಮೂಲೆ ಬುಟ್ಬುಟ್ಟಿದ್ದೀಯ. ಅಲ್ಲೂ ಬಳಿ.”

ಯತೀಶ ತಲೆಯೆತ್ತಿ ಗೆಳೆಯನ ಮುಖ ನೋಡಿದ. ಮಕ್ಸೂದನ ಕಣ್ಣು ರೆಕ್ಕೆಯ ಮೇಲೇ ಇತ್ತು. ಯತೀಶ ಪೊಟ್ಟಣ ಬಿಚ್ಚಿ, ಚಹಾದ ಲೋಟದ ತಳಕ್ಕೆ ಚಿಟಿಕೆ ಅರಿಶಿನ ಹಾಕಿ ಎರಡು ಹನಿ ನೀರಿನಲ್ಲಿ ಕಲಸಿದ. ಕಿರುಬೆರಳನ್ನು ಅದ್ದಿ ರೆಕ್ಕೆಯ ಮೂಲೆಯವರೆಗೂ ಎಳೆದ. ಅದು ಒಣಗುವವರೆಗೆ ಮಕ್ಸೂದ್ ಗನ್ ಹಿಡಿದುಕೊಂಡು ಕಾಯುತ್ತ ನಿಂತಿದ್ದ.