ಲೆಸ್ಟರನ ಹೆಸರಿನ ಗುಂಡುಗಳು

ಆರ್ವಿಲ್ ಕಾಫಿ ಲೋಟವನ್ನು ಬದಿಗೆ ಸರಿಸಿ, ತೋಟಾಗಳ ಹಳೆಯ ಡಬ್ಬಿಯೊಂದನ್ನು ಮೇಜಿನ ನಡುವೆ ಇಟ್ಟ. ಬೇಟೆ ಬಿಡಾರದ ಯಜಮಾನಿಕೆ ಅವನದು. ವರ್ನಾಳ ಗಂಡ ಲೆಸ್ಟರನಿಗೆ ಅವನು ಅಣ್ಣ. ಲೆಸ್ಟರ್ ತೀರಿಹೋಗಿ ಎರಡು ವರ್ಷವಾಗಿತ್ತು. ತೊರೆಯ ದಂಡೆಯಲ್ಲಿ ಅವನು ಬೇಟೆಗೆ ಕೂರುತ್ತಿದ್ದ ಜಾಗದಲ್ಲಿ ಈಗ ವರ್ನಾ ಕೂರುತ್ತಿದ್ದಳು. ಅಮೆರಿಕದ ಅರ್ಕನ್ಸಾದ ಕಾಡಿನಲ್ಲಿ ಅಂಥ ಜಾಗಕ್ಕಾಗಿ ಅಣ್ಣತಮ್ಮಂದಿರೇ ಮಾತು ಬಿಟ್ಟದ್ದುಂಟು. ಆರ್ವಿಲನ ಅಳಿಯನಂತೂ ಅದರ ಮೇಲೆ ಕಣ್ಣಿಟ್ಟೇ ಕೂತಿದ್ದ.

"ಬೇಟೆ ಆಡ್ಬೇಡ ಅಂತ ನಾನು ಹೇಳ್ತಿಲ್ಲ ವರ್ನಾ," ಎಂದ ಆರ್ವಿಲ್. "ಆದ್ರೆ ನೀನು ಹೊಯ್ದಿರೋ ಅಡುಗೆಮನೆ ಗುಂಡು ಬೇಡ. ಇವು ಲೆಸ್ಟರ್ ಎರಕ ಹೊಯ್ದು ನಂಗೆ ಕೊಟ್ಟಿದ್ದು. ಹಾಕಿದ್ರೆ ಇದನ್ನ ಹಾಕು, ಇಲ್ಲಾಂದ್ರೆ ಜಾಗ ಬಿಡು."

ವರ್ನಾಗೆ ನಗು ಬರಬೇಕಿತ್ತು, ಬಂದದ್ದು ಕೋಪ. ಆ ಡಬ್ಬಿಯ ಒಂದೊಂದು ಗುಂಡೂ ಅವಳ ಕೈಯದೇ. ಸೀಸ ಕರಗಿಸುವ ಹೊಗೆಗೆ ಲೆಸ್ಟರನಿಗೆ ತಲೆನೋವು ಬರುತ್ತಿತ್ತು. ಇಪ್ಪತ್ತಾರು ವರ್ಷ ಶೆಡ್ಡಿನಲ್ಲಿ ಒಲೆಯ ಮುಂದೆ ನಿಂತವಳು ಅವಳು, ಬಿಡಾರದಲ್ಲಿ ಬೆನ್ನು ತಟ್ಟಿಸಿಕೊಂಡವನು ಅವನು. ಒಳ್ಳೆಯ ಗಂಡನೇ, ಆದರೆ ಈ ಒಂದು ವಿಷಯದಲ್ಲಿ ಬಾಯಿ ಬಿಡಲಿಲ್ಲ. ಸತ್ತವನ ಮರ್ಯಾದೆ ಕಳೆಯುವುದೇಕೆಂದು ಅವಳೂ ಸುಮ್ಮನಿದ್ದಳು.

ಅದನ್ನಾದರೂ ಸಹಿಸಬಹುದಿತ್ತು. ಆದರೆ ಈ ಗುಂಡುಗಳನ್ನು ಅವಳು ಹೊಯ್ದದ್ದು ಲೆಸ್ಟರನ ಪಂದ್ಯಗಳಿಗೆ, ಕಾಗದದ ಗುರಿಗೆ. ಮೂತಿ ಗುಂಡಗೆ, ಲೋಹ ವಿಪರೀತ ಗಡುಸು. ಇದರಿಂದ ಜಿಂಕೆಗೋ ಹಂದಿಗೋ ಹೊಡೆದರೆ ಸಣ್ಣ ತೂತು ಮಾಡಿ ಹೊರಟುಹೋಗುತ್ತದೆ, ದಪ್ಪ ಮೂಳೆಗೆ ತಾಗಿದರೆ ಚೂರಾಗಲೂಬಹುದು. ಪ್ರಾಣಿ ಎಲ್ಲೋ ಓಡಿ ನರಳಿ ಸಾಯುತ್ತದೆ. ಬಿಡಾರದ ಗಂಡಸರಿಗೆಲ್ಲ ಗಡುಸಾದಷ್ಟೂ ಒಳ್ಳೆಯದೆಂಬ ಭ್ರಮೆ. ಈ ಸಲ ಅವಳು ಹೊಯ್ದದ್ದೇ ಬೇರೆ: ಕಾರಿನ ಚಕ್ರಕ್ಕೆ ಸಿಕ್ಕಿಸುವ ತೂಕದ ಸೀಸ ಅರ್ಧ, ಮೆದು ಸೀಸ ಅರ್ಧ, ಮೇಲೆ ಚೂರು ತವರ. ಉಗುರಿನಿಂದ ಗೀರಿದರೆ ತೆಳ್ಳಗೆ ಗೆರೆ ಬೀಳಬೇಕು. ಮೂತಿ ಅಗಲ, ಚಪ್ಪಟೆ. ಜಿಂಕೆಯ ತೆಳು ಪಕ್ಕೆಯಲ್ಲೂ ಅದು ಅಗಲವಾಗಿ ಕೊರೆಯುತ್ತದೆ, ಹಂದಿಯ ಹೆಗಲ ದಪ್ಪ ಚರ್ಮಕ್ಕೂ ಸೊಪ್ಪು ಹಾಕುವುದಿಲ್ಲ.

ಭುಜದ ಆಪರೇಷನ್ ಆದ ಮೇಲೆ ರೈಫಲ್ಲಿನ ಒದೆತ ತಡೆಯಲಾಗದೆ ವರ್ನಾ ಲೆಸ್ಟರನ ರಿವಾಲ್ವರನ್ನು ಹಿಡಿದಿದ್ದಳು. ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡಳು. ತೊರೆಯ ದಂಡೆಗೆ ಹೋಗಿ ರಿವಾಲ್ವರಿಗೆ ತುಂಬಿದ್ದು ಮಾತ್ರ ಈ ಸಲ ತಾನು ಹೊಯ್ದದ್ದನ್ನೇ.

ಬೆಳಿಗ್ಗೆ ಎಂಟರ ಹೊತ್ತಿಗೆ ಒಂಟಿ ಗಂಡು ಹಂದಿಯೊಂದು ತೊರೆ ದಾಟಿ ಬಂದು ಓಕ್ ಕಾಯಿ ಮೇಯತೊಡಗಿತು. ಮೂವತ್ತು ಹೆಜ್ಜೆ ದೂರ. ಮೊಣಕಾಲಿಗೆ ಕೈ ಆನಿಸಿ, ಅದು ಅಡ್ಡ ತಿರುಗುವವರೆಗೆ ಕಾದು, ಮುಂಗಾಲಿನ ಹಿಂದಕ್ಕೆ ಗುರಿಯಿಟ್ಟು ಹೊಡೆದಳು. ಹಂದಿ ಬೀಳಲಿಲ್ಲ. ತಲೆ ಕೊಡವಿ ನೇರ ಬಿದಿರು ಮೆಳೆಗೆ ನುಗ್ಗಿತು.

ಸದ್ದು ಕೇಳಿ ಆರ್ವಿಲನೂ ಅಳಿಯನೂ ಬಂದರು. ನೆಲದ ಮೇಲೆ ಬರೀ ಎರಡು ಹನಿ ರಕ್ತ. ಅಳಿಯ ನಕ್ಕು, ತನ್ನ ಕುರ್ಚಿ ಎಲ್ಲಿ ಹಾಕಿದರೆ ಚೆನ್ನ ಎಂದು ಸುತ್ತ ನೋಡಿದ. ವರ್ನಾ ಮೆಳೆಯ ಕಡೆಗೇ ನೋಡುತ್ತಿದ್ದಳು. ಜಾಗ ಹೋದರೆ ಹೋಗಲಿ, ಆ ಪ್ರಾಣಿ ಒಳಗೆ ಬಿದ್ದು ನರಳುತ್ತಿದ್ದರೆ? ಗಾಯಗೊಂಡದ್ದನ್ನು ಕೂಡಲೇ ಬೆನ್ನಟ್ಟಿದರೆ ಇನ್ನೂ ದೂರ ಓಡುತ್ತದೆಂದು ಅರ್ಧ ಗಂಟೆ ಹಲ್ಲು ಕಚ್ಚಿ ಕಾದು, ರಿವಾಲ್ವರ್ ಮುಂದೆ ಹಿಡಿದು ಒಬ್ಬಳೇ ಮೆಳೆಯೊಳಗೆ ಬಾಗಿ ಹೊಕ್ಕಳು. ಇಪ್ಪತ್ತು ಹೆಜ್ಜೆಯಾದ ಮೇಲೆ ಎಲೆಯೆಲ್ಲ ಕೆಂಪು. ಅಲ್ಲಿಂದ ಸ್ವಲ್ಪ ಮುಂದೆ ಹಂದಿ ಮಗ್ಗುಲಾಗಿ ಸತ್ತು ಬಿದ್ದಿತ್ತು.

ಬಿಡಾರದಲ್ಲಿ ಅದನ್ನು ತೂಗುಹಾಕಿದಾಗ ಆರ್ವಿಲ್ ಗಾಯಕ್ಕೆ ಬೆರಳಿಟ್ಟು ನೋಡಿದ. ಗುಂಡು ಒಂದು ಪಕ್ಕೆಯಿಂದ ಹೊಕ್ಕು ಇನ್ನೊಂದರಿಂದ ಹೊರಟಿತ್ತು, ನಡುವೆ ಶ್ವಾಸಕೋಶ ಚಿಂದಿಯಾಗಿತ್ತು. ಅವನು ತಲೆದೂಗಿದ.

"ಲೆಸ್ಟರ್ ಕೈ ಅಂದ್ರೆ ಕೈ ಕಣೇ. ಸತ್ತ ಮೇಲೂ ಬೇಟೆ ಕೊಡ್ಸಿದ ನೋಡು. ಹೋಗ್ಲಿ, ಜಾಗ ನಿಂದೇ ಇರ್ಲಿ."

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಇಪ್ಪತ್ತಾರು ವರ್ಷ ಹೂಂ ಅಂದದ್ದೇ ಆಗಿತ್ತು. ವರ್ನಾ ಚೀಲದಿಂದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ ಅವನ ಮುಂದೆ ಹಿಡಿದಳು. ಅದರಲ್ಲಿ ಒಂದು ತೋಟಾವೂ ಕಮ್ಮಿಯಿರಲಿಲ್ಲ.

"ನೋಡ್ಕೋ. ಹಂದಿಗೆ ಬಿದ್ದಿದ್ದು ನನ್ನ ಗುಂಡು. ಇದ್ರಲ್ಲಿರೋದೂ ನಂದೇ. ಲೆಸ್ಟರ್ ಒಂದು ದಿನಾನೂ ಒಲೆ ಹತ್ರ ನಿಂತವನಲ್ಲ."

ಆರ್ವಿಲನ ಮುಖ ಕೆಂಪೇರಿತು. ಹಾಗಾದರೆ ತಮ್ಮ ಸುಳ್ಳು ಹೇಳಿದನೇ, ಇವಳಾದರೂ ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡದ್ದೇಕೆ ಎಂದು ಕೇಳಿದ.

"ಅವನು ಸುಳ್ಳು ಹೇಳ್ಲಿಲ್ಲ. ನೀವು ಬೆನ್ನು ತಟ್ಟಿದ್ರಿ, ಅವನು ತಟ್ಟಿಸ್ಕೊಂಡ. ಯಾರು ಮಾಡಿದ್ದು ಅಂತ ನೀವ್ಯಾರೂ ಕೇಳ್ಲೇ ಇಲ್ಲ."

"ಅಂದ್ರೆ ನನ್ನ ಮಾತು ಮೀರಿದೀಯ," ಎಂದ ಆರ್ವಿಲ್. ದನಿಯಲ್ಲಿ ಮೊದಲಿನ ಗತ್ತಿರಲಿಲ್ಲ.

"ಮೀರಿದೀನಿ. ನಾಳೆ ಜಿಂಕೆ ಬಂದ್ರೆ ನಾಳೇನೂ ಮೀರ್ತೀನಿ, ಅದೇ ಜಾಗದಲ್ಲಿ ಕೂತು. ಈಗ ಆ ಕಾಲು ಹಿಡ್ಕೋ, ಚರ್ಮ ಸುಲೀಬೇಕು."

ಆರ್ವಿಲ್ ಅಳಿಯನ ಮುಖ ನೋಡಿದ, ಅಳಿಯ ನೆಲ ನೋಡಿದ. ಆಮೇಲೆ ಬಿಡಾರದ ಯಜಮಾನ ಅಂಗಿಯ ತೋಳು ಮಡಚಿಕೊಂಡು ಬಂದು, ಅವಳು ತೋರಿಸಿದ ಕಾಲನ್ನು ಹಿಡಿದು ನಿಂತ.