ಗಡಿಯಾರದವರು ಆರಿಸಿದ ಬೈಕು

ನಮ್ಮ ಮನೆಯಲ್ಲಿ ಗಾಡಿ ಓಡಿಸುವವಳು ನಾನೊಬ್ಬಳೇ. ಹಾಗಾಗಿ ಯಾವ ಗಾಡಿ ಕೊಳ್ಳಬೇಕು ಎನ್ನುವುದರ ಬಗ್ಗೆ ನನ್ನನ್ನು ಬಿಟ್ಟು ಉಳಿದವರೆಲ್ಲರಿಗೂ ಖಚಿತವಾದ ಅಭಿಪ್ರಾಯವಿತ್ತು.

ನಾನು ಮನೆಮನೆಗೆ ಹೋಗುವ ನರ್ಸ್. ಹಾಸಿಗೆ ಬಿಟ್ಟು ಏಳಲಾರದವರಿಗೆ ಇಂಜೆಕ್ಷನ್ ಕೊಡುತ್ತೇನೆ, ಹುಣ್ಣು ತೊಳೆದು ಪಟ್ಟಿ ಕಟ್ಟುತ್ತೇನೆ, ಅವರ ಸೊಸೆಯಂದಿರ ಮೇಲಿನ ದೂರು ಕೇಳುತ್ತೇನೆ. ಕೊನೆಯದಕ್ಕೆ ಸಂಬಳವಿಲ್ಲ. ನನ್ನ ಹಳೆಯ ಸ್ಕೂಟರು ಒಂದು ಬೆಳಿಗ್ಗೆ ಗೇಟಿನ ಬಳಿಯೇ ಪ್ರಾಣ ಬಿಟ್ಟಿತು. ನಮ್ಮ ಕಚೇರಿಯ ಮೇಲ್ವಿಚಾರಕಿ ನನ್ನನ್ನು ಕರೆಸಿ, ಕೆಟ್ಟ ಸುದ್ದಿಗೆಂದೇ ಮೀಸಲಿಟ್ಟ ಮೆತ್ತನೆಯ ದನಿಯಲ್ಲಿ ಹೇಳಿದರು: "ಗಾಡಿ ಇಲ್ಲದೆ ರೌಂಡ್ ಆಗಲ್ಲ ಸಿಸ್ಟರ್. ಬೇಗ ಏನಾದ್ರೂ ವ್ಯವಸ್ಥೆ ಮಾಡ್ಕೊಳ್ಳಿ. ಇಲ್ಲಾಂದ್ರೆ ನಿಮ್ಮನ್ನ ಸ್ಟೋರ್ ರೂಮಿಗೆ ಹಾಕ್ಬೇಕಾಗುತ್ತೆ."

ಸ್ಟೋರ್ ರೂಮು ಎಂದರೆ ನೆಲಮಾಳಿಗೆಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ಕೂತು ಹತ್ತಿಯ ಸುರುಳಿಗಳನ್ನು ಜೋಡಿಸುವುದು. ಹತ್ತಿಗೆ ನಾನು ಬಂದರೂ ಒಂದೇ, ಬರದಿದ್ದರೂ ಒಂದೇ. ನನ್ನ ರೋಗಿಗಳಿಗೆ ಹಾಗಲ್ಲ. ಬಾಗಿಲ ಕಡೆ ಮುಖ ಮಾಡಿ ನನಗಾಗಿ ಕಾಯುವವರು ಇದ್ದಾರೆ ಎನ್ನುವುದೊಂದೇ ಈ ಕೆಲಸದಲ್ಲಿ ನನಗಿರುವ ಐಶ್ವರ್ಯ. ಅದು ಕೈತಪ್ಪುತ್ತದೆಂದು ನನಗೆ ನಿಜವಾಗಿಯೂ ಭಯವಾಗಿತ್ತು.

ಮೊದಲ ಸಲಹೆ ಕೊಟ್ಟವರು ನನ್ನ ನಾದಿನಿಯ ಗಂಡ. ಮನೆಯಲ್ಲಿ ನಾವೆಲ್ಲ ಅವರನ್ನು ಹೆದ್ದಾರಿ ಭಾವ ಎನ್ನುತ್ತೇವೆ, ಅವರು ಇಲ್ಲದಿರುವಾಗ. ಅವರ ಬಳಿ ಎಮ್ಮೆಯಷ್ಟು ದೊಡ್ಡ ಬೈಕಿದೆ. ವಾರವಿಡೀ ಹೊದಿಕೆ ಹೊದ್ದು ಮಲಗಿರುತ್ತದೆ. ಭಾನುವಾರ ಎದ್ದು ಪೇಪರ್ ತರಲು ಹೋಗುತ್ತದೆ.

"ತಗೊಳ್ಳೋದಾದ್ರೆ ಎತ್ತರದ ಗಾಡೀನೇ ತಗೋಬೇಕು," ಎಂದರು ಭಾವ.

"ಕಾಲು ನೆಲಕ್ಕೆ ಸಿಗಬೇಕಲ್ಲ ಭಾವ."

"ಓಡ್ತಿರುವಾಗ ಕಾಲು ನೆಲಕ್ಕೆ ಯಾಕೆ ಸಿಗಬೇಕು?"

"ನಿಲ್ಸೋದಕ್ಕೆ."

"ಅಂಥ ಗಾಡಿ ಸಿಕ್ಕರೆ ನಿಲ್ಸೋಕೇ ಮನಸ್ಸು ಬರಲ್ಲ ಬಿಡು."

ನನ್ನ ದಿನವೆಂದರೆ ನಿಲ್ಲಿಸುವುದು, ಇಳಿಯುವುದು, ಮತ್ತೆ ಹತ್ತುವುದು. ಇದನ್ನು ಭಾವನಿಗೆ ವಿವರಿಸುವುದೂ ಗೋಡೆಗೆ ಇಂಜೆಕ್ಷನ್ ಕೊಡುವುದೂ ಒಂದೇ. ಅತ್ತೆಯವರ ಬೇಡಿಕೆ ಸರಳವಾಗಿತ್ತು: ಗಾಡಿ ಯಾವುದಾದರೂ ಸರಿ, ಹಿಂದೆ ಹಿಡಿದುಕೊಳ್ಳಲು ಗಟ್ಟಿಯಾದ ಕಂಬಿ ಇರಲಿ. ಅತ್ತೆ ಎರಡು ಚಕ್ರದ ಗಾಡಿ ಹತ್ತಿದ್ದನ್ನು ಇದುವರೆಗೆ ಕಂಡವರಿಲ್ಲ.

ಕೊನೆಗೆ ಬಾಯಿ ತೆರೆದವರು ನಮ್ಮ ಯಜಮಾನರು. ಅವರು ಗಡಿಯಾರ ರಿಪೇರಿ ಮಾಡುವವರು. ಮೂಲೆಯ ಓಣಿಯಲ್ಲಿ ಅವರದೊಂದು ಗಾಜಿನ ಪೆಟ್ಟಿಗೆಯಂಥ ಅಂಗಡಿ ಇದೆ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುತ್ತಾರೆ. ಅವರು ಇಡೀ ಜಗತ್ತನ್ನು ಅಳೆಯುವುದು ಒಂದೇ ಮಾತಿನಿಂದ.

"ಬೆನ್ನಿನ ಮುಚ್ಚಳ ತೆಗೆಯೋಕೆ ಬರದ ವಾಚು ವಾಚೇ ಅಲ್ಲ. ಗಾಡೀನೂ ಅಷ್ಟೆ. ಮನೇಲೇ ಬಿಚ್ಚಿ ಮನೇಲೇ ಜೋಡಿಸೋಕೆ ಬರಬೇಕು. ಇಲ್ಲಾಂದ್ರೆ ಅದು ನಮ್ಮದಲ್ಲ, ಸರ್ವಿಸ್ ಸೆಂಟರಿನವರದು."

ಮೊದಲ ಶೋರೂಮಿನಲ್ಲಿ ಮಾರಾಟಗಾರ ಬಣ್ಣ ತೋರಿಸುತ್ತಿದ್ದರೆ, ಇವರು ಹೊಳೆಯುವ ನೆಲದ ಮೇಲೆ ಮಂಡಿಯೂರಿ, ಭೂತಗನ್ನಡಿ ಸಿಕ್ಕಿಸಿಕೊಂಡು, ಗಾಡಿಯ ಹೊಟ್ಟೆಯ ಕೆಳಗೆ ತಲೆ ತೂರಿಸಿದರು. ಪ್ಲಗ್ ಎಲ್ಲಿದೆ ಎಂದು ಕೇಳಿದರು. ಅದನ್ನು ನೋಡಲು ಟ್ಯಾಂಕ್ ಇಳಿಸಬೇಕು, ನಮ್ಮವರೇ ಇಳಿಸಿಕೊಡುತ್ತಾರೆ, ನೀವು ತಲೆ ಕೆಡಿಸಿಕೊಳ್ಳಬೇಡಿ ಎಂದು ಅವನು ನಕ್ಕ. ಇವರು ಎದ್ದು ಮಂಡಿ ಕೊಡವಿಕೊಂಡು, ಹೆಣ್ಣು ಒಪ್ಪಿಗೆಯಾಗದ ಗಂಡಿನ ಕಡೆಯವರ ಗಾಂಭೀರ್ಯದಲ್ಲಿ ಹೊರಟೇಬಿಟ್ಟರು. ನಂತರದ ಶೋರೂಮುಗಳಲ್ಲೂ ಇದೇ ಪೂಜೆ ನಡೆಯಿತು. ಒಂದು ಗಾಡಿಗೆ ನಡು ಸ್ಟ್ಯಾಂಡ್ ಇಲ್ಲ, ಚೈನು ತೊಳೆಯುವುದು ಹೇಗೆ? ಇನ್ನೊಂದಕ್ಕೆ ಕಿಕ್ ಇಲ್ಲ, ಬ್ಯಾಟರಿ ಸತ್ತರೆ ತಳ್ಳುವವರು ಯಾರು? ಮತ್ತೊಂದಕ್ಕೆ ಮೈತುಂಬ ಪ್ಲಾಸ್ಟಿಕ್ಕು, ಅದನ್ನು ಕಳಚುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ.

ನನಗೆ ಬೇಕಾಗಿದ್ದುದು ಹಳೆಯದರಂಥ ಇನ್ನೊಂದು ಸ್ಕೂಟರು. ಗೇರಿಲ್ಲ, ಚೈನಿಲ್ಲ, ಕಾಲ ಬಳಿ ಚೀಲ ಇಡಲು ಜಾಗವಿದೆ. ಹಟ ಹಿಡಿದಿದ್ದರೆ ಅದನ್ನೇ ಕೊಳ್ಳಬಹುದಿತ್ತು, ಯಾರೂ ತಡೆಯುತ್ತಿರಲಿಲ್ಲ. ಆದರೆ ನಾನು ಕೆಲಸ ಮುಗಿಸಿ ಬರುವಾಗ ಅವರ ಅಂಗಡಿಯಲ್ಲಿ ಒಮ್ಮೆ ಇಣುಕುವುದುಂಟು. ಈಗ ಎಲ್ಲರೂ ಹೊತ್ತು ನೋಡುವುದು ಫೋನಿನಲ್ಲಿ. ನಮ್ಮ ಯಜಮಾನರು ನಿನ್ನೆ ರಿಪೇರಿ ಮಾಡಿಟ್ಟ ವಾಚನ್ನೇ ಇವತ್ತು ಮತ್ತೆ ಬಿಚ್ಚಿ ಕೂತಿರುತ್ತಾರೆ. ಶೋರೂಮಿನ ನೆಲದ ಮೇಲೆ ಅವರ ಮುಖದಲ್ಲಿ ಕಂಡ ಕಳೆಯನ್ನು ನಾನು ಎಷ್ಟೋ ಕಾಲದಿಂದ ಕಂಡಿರಲಿಲ್ಲ. ಅಯ್ಯೋ ಅನಿಸಿತು. ಬೇಕಿದ್ದರೆ ಪ್ರೀತಿ ಎಂದು ಕರೆಯಿರಿ, ನನ್ನ ಅಭ್ಯಂತರವಿಲ್ಲ.

ಹೀಗೆ ಒಂದು ಬೈಕು ಮನೆಗೆ ಬಂತು. ಅದರ ರೂಪದ ಬಗ್ಗೆ ಏನನ್ನೂ ಹೇಳದಿರುವುದೇ ಮರ್ಯಾದೆ. ಸೀಟು ತಗ್ಗು, ನನ್ನ ಎರಡೂ ಪಾದ ನೆಲಕ್ಕೆ ಸಿಗುತ್ತವೆ. ಚೈನಿಗೆ ಪೂರ್ತಿ ಕವಚವಿದೆ. ಪ್ಲಗ್ಗು, ಕೇಬಲ್ಲು, ಎಣ್ಣೆಯ ಮುಚ್ಚಳ ಎಲ್ಲ ಹೊರಗೇ ಕಾಣುತ್ತವೆ. ದಿನಬಳಕೆಗೆ ಇದಕ್ಕಿಂತ ಒಳ್ಳೆಯದು ಬೇಕಿಲ್ಲ ಎಂದು ನಾನೇ ಕೆಲವು ದಿನಗಳಲ್ಲಿ ಒಪ್ಪಿಕೊಂಡೆ, ಮನಸ್ಸಿನಲ್ಲಿ ಮಾತ್ರ. ಬಾಯಿಬಿಟ್ಟು ಒಪ್ಪಿಕೊಂಡರೆ ನಮ್ಮವರನ್ನು ಹಿಡಿಯುವವರು ಯಾರು?

ಮೊದಲ ಸಲ ಎಣ್ಣೆ ಬದಲಿಸುವ ಹೊತ್ತು ಬಂತು. ಭಾನುವಾರ ಹಜಾರದಲ್ಲಿ ಹಳೆಯ ಚಾದರ ಹಾಸಿ, ಅದರ ಮೇಲೆ ಬೈಕು ನಿಲ್ಲಿಸಿ, ಅತ್ತೆಯವರನ್ನು ಅಡುಗೆಮನೆಗೆ ಗಡೀಪಾರು ಮಾಡಿ, ಯಜಮಾನರು ಶಸ್ತ್ರಚಿಕಿತ್ಸೆಗೆ ಕೂತರು. ನನ್ನ ಚೀಲದಿಂದ ಹೊಸ ಸಿರಿಂಜ್ ತೆಗೆದು, ಚೈನಿನ ಒಂದೊಂದು ಕೊಂಡಿಗೂ ಒಂದೊಂದು ತೊಟ್ಟು ಎಣ್ಣೆ ಬಿಟ್ಟರು. ಇಂಜಿನ್ನಿನ ಹಳೆಯ ಎಣ್ಣೆ ಕಪ್ಪಾಗಿ ಬೋಗುಣಿಗೆ ಇಳಿಯಿತು. ಹೊಸ ಎಣ್ಣೆಯ ಡಬ್ಬಿಯಿಂದ ಸ್ವಲ್ಪ ಸುರಿದರು, ತಲೆ ಓರೆ ಮಾಡಿ ನೋಡಿದರು, ಇನ್ನೂ ಸ್ವಲ್ಪ ಸುರಿದು ಮುಚ್ಚಳ ತಿರುಗಿಸಿದರು. ಡಬ್ಬಿಯಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು.

"ಪೂರ್ತಿ ಹಾಕ್ಬೇಕು ಅಲ್ವಾ?" ಎಂದೆ.

"ಅವರು ಎಣ್ಣೆ ಮಾರೋರು, ಹೆಚ್ಚೇ ಹೇಳ್ತಾರೆ. ನನ್ನ ಕೈಗೆ ಬರೋ ವಾಚುಗಳಲ್ಲಿ ಅರ್ಧ ಸತ್ತಿರೋದು ಎಣ್ಣೆ ಹೆಚ್ಚಾಗಿ. ಅತಿಯಾದ್ರೆ ಅಮೃತವೂ ವಿಷ."

ಔಷಧದ ಪ್ರಮಾಣವನ್ನು ರೋಗಿಯ ಮಗ ಹೀಗೆ ತಿದ್ದಿದ್ದರೆ ಅವನನ್ನು ಕೋಣೆಯಿಂದಾಚೆ ಕಳಿಸುತ್ತಿದ್ದೆ. ಆದರೆ ಇವರು ನನ್ನ ಗಂಡ, ಮತ್ತು ಆ ಹೊತ್ತಿನಲ್ಲಿ ಶಿಳ್ಳೆ ಹಾಕುತ್ತಿದ್ದರು. ಅವರ ಶಿಳ್ಳೆ ಕೇಳಿ ಯಾವ ಕಾಲವಾಗಿತ್ತೋ. ನಾನು ಬೋಗುಣಿ ಎತ್ತಿಕೊಂಡು ಹಿತ್ತಲಿಗೆ ಹೋದೆ.

ಆ ವಾರ ಬೈಕು ಓಡಿತು. ಸದ್ದು ಕೊಂಚ ಒರಟಾಗಿದೆ ಎಂದರೆ, ಹೊಸ ಎಣ್ಣೆ ಒಗ್ಗಿಕೊಳ್ಳುತ್ತಿದೆ ಎಂಬ ಉತ್ತರ ಬಂತು. ಶುಕ್ರವಾರ ಬೆಳಿಗ್ಗೆ ಗುಡ್ಡದ ಬಡಾವಣೆಯ ಏರಿನಲ್ಲಿ ಇಂಜಿನ್ನು ಒಮ್ಮೆ ಕಿರುಗುಟ್ಟಿ, ಹಿಂದಿನ ಚಕ್ರ ಗಕ್ಕನೆ ಬಿಗಿದುಕೊಂಡಿತು. ಕ್ಲಚ್ ಹಿಡಿದದ್ದರಿಂದ ಬೀಳಲಿಲ್ಲ. ಕಿಕ್ ತುಳಿದರೆ ಕಲ್ಲು ತುಳಿದಂತಾಯಿತು. ಮೋರಿಯ ಕಟ್ಟೆಯ ಮೇಲೆ ಕೂತು, ಸೀಟಿನ ಕೆಳಗಿದ್ದ ಕೈಪಿಡಿಯನ್ನು ಅದರ ಪ್ಲಾಸ್ಟಿಕ್ ಹರಿದು ಓದಿದೆ. ಎಣ್ಣೆಯ ಪ್ರಮಾಣ ದಪ್ಪ ಅಕ್ಷರದಲ್ಲಿತ್ತು. ಮುಚ್ಚಳ ಬಿಚ್ಚಿ ಅಳತೆಕಡ್ಡಿ ನೋಡಿದರೆ ಅದರ ತುದಿಗೂ ಎಣ್ಣೆ ತಾಕಿರಲಿಲ್ಲ. ಗಡಿಯಾರಕ್ಕೆ ಹಾಕುವಂತೆ ಹಾಕಿದ್ದರು ಪುಣ್ಯಾತ್ಮರು. ಇಂಥ ತಪ್ಪು ಮಾಡಲೂ ಒಂದು ಯೋಗ್ಯತೆ ಬೇಕು. ಬೇರೆ ಯಾರಾದರೂ ಆಗಿದ್ದರೆ ಡಬ್ಬಿಯನ್ನು ಪೂರ್ತಿ ಬಗ್ಗಿಸಿ ಕೈತೊಳೆದುಕೊಳ್ಳುತ್ತಿದ್ದರು.

ಆ ಏರಿನ ಕೊನೆಯ ಮನೆ ನಿವೃತ್ತ ಬಸ್ ಚಾಲಕರೊಬ್ಬರದು. ಸಕ್ಕರೆ ಕಾಯಿಲೆ, ಕಾಲಿನಲ್ಲಿ ಮಾಯದ ಹುಣ್ಣು. ಇನ್ಸುಲಿನ್ ಆಗುವವರೆಗೆ ಏನನ್ನೂ ತಿನ್ನಬೇಡಿ ಎಂದು ಕಟ್ಟಪ್ಪಣೆ ಮಾಡಿದವಳು ನಾನೇ. ಬೈಕನ್ನು ಅಲ್ಲೇ ಬಿಟ್ಟು ಏದುಸಿರು ಬಿಡುತ್ತ ಹತ್ತಿ ಹೋದಾಗ ಅವರು ಮುಚ್ಚಿದ ತಟ್ಟೆಯ ಮುಂದೆ ಕೂತಿದ್ದರು. ತುಟಿ ಒಣಗಿತ್ತು. ಬೈಯಲಿಲ್ಲ.

"ಬರ್ತೀರ ಅಂತ ಗೊತ್ತಿತ್ತು," ಎಂದರು.

ಅವರ ಸೊಸೆಗೆ ಅಷ್ಟು ನಂಬಿಕೆ ಇರಲಿಲ್ಲ. ಆಗಲೇ ಕಚೇರಿಗೆ ಫೋನ್ ಮಾಡಿದ್ದಳು, ಮಾಡಿದ್ದು ಸರಿಯೇ. ಮೇಲ್ವಿಚಾರಕಿಯ ದನಿ ಇನ್ನಷ್ಟು ಮೆತ್ತಗಾಗಿತ್ತು: ಸೋಮವಾರ ಗಾಡಿ ಇದ್ದರೆ ರೌಂಡ್, ಇಲ್ಲದಿದ್ದರೆ ನೆಲಮಾಳಿಗೆ.

ಬೈಕನ್ನು ಸಾಮಾನು ಸಾಗಿಸುವ ಗಾಡಿಯಲ್ಲಿ ಹೇರಿಕೊಂಡು ಮನೆಗೆ ಬಂದೆ. ದಾರಿಯುದ್ದಕ್ಕೂ ಮಾತು ಮಸೆದಿದ್ದೆ. ಒಂದಕ್ಕಿಂತ ಒಂದು ಚೂಪು, ಯಾವುದನ್ನು ಮೊದಲು ಎಸೆಯಲಿ ಎಂಬುದೇ ಚಿಂತೆಯಾಗಿತ್ತು. ಯಜಮಾನರು ಹೊರಗೆ ಬಂದು, ನಾನು ಹೇಳುವ ಮೊದಲೇ ಅಳತೆಕಡ್ಡಿ ಎಳೆದು ನೋಡಿದರು. ಮೆಟ್ಟಿಲ ಮೇಲೆ ಕೂತುಬಿಟ್ಟರು.

"ನಾನೇ ಕೊಂದೆ," ಎಂದರು. "ವರ್ಕ್‌ಶಾಪಿಗೆ ಕಳಿಸು. ನನ್ನ ಕೈಗೆ ಕೊಡಬೇಡ."

ನಾನು ಮಸೆದದ್ದೆಲ್ಲ ವ್ಯರ್ಥವಾಯಿತು. ಸೋತವರನ್ನು ಚುಚ್ಚುವುದರಲ್ಲಿ ಯಾವ ರುಚಿಯೂ ಇಲ್ಲ. ವರ್ಕ್‌ಶಾಪಿಗೆ ಫೋನ್ ಮಾಡಿದರೆ ಮುಂದಿನ ವಾರ ನೋಡೋಣ ಎಂದರು. ನನಗೆ ಉಳಿದದ್ದು ಎರಡೇ ದಾರಿ: ಹತ್ತಿಯ ಸುರುಳಿ, ಇಲ್ಲವೇ ಈ ಕೈಗಳು.

"ಈ ಗಾಡಿ ಆರಿಸಿದ್ದು ಯಾಕೆ?" ಎಂದು ಕೇಳಿದೆ.

"ಮನೇಲೇ ಬಿಚ್ಚಬಹುದು ಅಂತ."

"ಹಾಗಾದ್ರೆ ಬಿಚ್ಚಿ."

"ಮತ್ತೆ ತಪ್ಪಾದ್ರೆ?"

"ತಪ್ಪಾದ್ರೆ ನಾನು ನೆಲಮಾಳಿಗೇಲಿ ಹತ್ತಿ ಜೋಡಿಸ್ತೀನಿ. ನೀವು ಬಂದು ಒಂದೊಂದು ಸುರುಳಿಗೂ ಒಂದೊಂದು ತೊಟ್ಟು ಎಣ್ಣೆ ಹಾಕಿ."

ಅವರು ನಗಲಿಲ್ಲ. ನನಗೂ ನಗು ಬರಲಿಲ್ಲ. "ನನಗೂ ಭಯ ಆಗ್ತಿದೆ," ಎಂದೆ. ಮದುವೆಯಾದ ಮೇಲೆ ನಾನು ವ್ಯಂಗ್ಯವಿಲ್ಲದೆ ಆಡಿದ ಕೆಲವೇ ಮಾತುಗಳಲ್ಲಿ ಅದೂ ಒಂದು.

ಅವರು ಎದ್ದು ಚಾದರ ಹಾಸಿದರು. ಎರಡು ದಿನ ನಮ್ಮ ಹಜಾರ ಬೈಕಿನ ಶವಾಗಾರವಾಯಿತು. ಸಿಲಿಂಡರನ್ನು ಲೇತಿನ ಅಂಗಡಿಗೆ ಒಯ್ದು ಉಜ್ಜಿಸಿ ತಂದರು, ಹೊಸ ಪಿಸ್ಟನ್ ಬಂತು. ಅತ್ತೆ ನಟ್ಟು ಬೋಲ್ಟುಗಳ ನಡುವೆ ತುದಿಗಾಲಲ್ಲಿ ಓಡಾಡುತ್ತ, ಮಗನಿಗೆ ಚಿಕ್ಕಂದಿನಿಂದಲೂ ಇದೇ ಬುದ್ಧಿ ಎಂದು ನನಗೆ ಹೊಸ ವಿಷಯವೆಂಬಂತೆ ತಿಳಿಸಿದರು. ಹೆದ್ದಾರಿ ಭಾವ ಬಂದು ನೋಡಿ, "ನಾನು ಅವತ್ತೇ ಹೇಳಿದ್ದೆ," ಎಂದರು. ಅವರು ಅವತ್ತು ಹೇಳಿದ್ದೇ ಬೇರೆ. ಅದನ್ನು ನೆನಪಿಸುವಷ್ಟು ಬಿಡುವು ಯಾರಿಗೂ ಇರಲಿಲ್ಲ. ಈ ಸಲ ಯಜಮಾನರು ಕೈಪಿಡಿಯನ್ನು ಮುಂದಿಟ್ಟುಕೊಂಡು, ಸಾಲಿನ ಕೆಳಗೆ ಬೆರಳಿಟ್ಟು, ಶಾಲೆಯ ಮಕ್ಕಳಂತೆ ಗಟ್ಟಿಯಾಗಿ ಓದುತ್ತ ಒಂದೊಂದೇ ಬೋಲ್ಟು ಬಿಗಿದರು. ಕೊನೆಗೆ ಎಣ್ಣೆ ಸುರಿಯುವಾಗ ಮಾತ್ರ ಅವರ ಮುಖ ನೋಡಲಾಗಲಿಲ್ಲ. ಅಷ್ಟು ಎಣ್ಣೆಯನ್ನು ಒಂದೇ ಸಲ ಸುರಿಯುವುದು ಅವರ ವೃತ್ತಿಯಲ್ಲಿ ಕೊಲೆಗೆ ಸಮ. ಕಣ್ಣು ಮುಚ್ಚಿಕೊಂಡು ಸುರಿದರು. ಗೆರೆ ಮುಟ್ಟಿದೆ ಎಂದು ನಾನು ಹೇಳಿದ ಮೇಲೆ ನಿಲ್ಲಿಸಿದರು.

ಸೋಮವಾರ ಬೆಳಿಗ್ಗೆ ಎರಡನೆಯ ಕಿಕ್ಕಿಗೆ ಬೈಕು ಎದ್ದಿತು. ನಾನು ಚೀಲ ಹಾಕಿಕೊಂಡು ಹೊರಡುವಷ್ಟರಲ್ಲಿ ಯಜಮಾನರು ಭಾವನ ದೊಡ್ಡ ಹೆಲ್ಮೆಟ್ ಧರಿಸಿ, ಉಪಕರಣದ ಪೆಟ್ಟಿಗೆ ಹಿಡಿದು, ಗೇಟಿನ ಬಳಿ ನಿಂತಿದ್ದರು.

"ಎಲ್ಲಿಗೆ?"

"ನಿನ್ನ ಜೊತೆ. ನಾನು ಜೋಡಿಸಿದ ಇಂಜಿನ್ನು. ಅದರ ಮೇಲೆ ನಿನ್ನೊಬ್ಬಳನ್ನೇ ಕೂರಿಸಿ ನಾನು ಅಂಗಡೀಲಿ ಕೂತ್ಕೊಳ್ಳಲಾರೆ."

"ಅಂಗಡಿ ಬಾಗಿಲು?"

"ಅಲ್ಲಿ ನನಗಾಗಿ ಯಾರು ಕಾಯ್ತಿದ್ದಾರೆ?"

ಆ ಮಾತನ್ನು ಅವರು ಅದುವರೆಗೆ ಬಾಯಿಬಿಟ್ಟು ಆಡಿರಲಿಲ್ಲ. "ಹಿಂದೆ ಹತ್ತಿ ಕೂತ್ಕೊಳ್ಳಿ," ಎಂದೆ.

ಗುಡ್ಡದ ಏರನ್ನು ಬೈಕು ತಕರಾರಿಲ್ಲದೆ ಹತ್ತಿತು. ತಕರಾರೆಲ್ಲ ನನ್ನ ಬೆನ್ನ ಹಿಂದಿತ್ತು: ಗೇರ್ ಇಳಿಸು, ನಿಧಾನ, ಈಗ ಬಂದದ್ದು ಏನು ಸದ್ದು. ಬಸ್ ಚಾಲಕರಿಗೆ ಇನ್ಸುಲಿನ್ ಕೊಟ್ಟು, ಅವರು ತಿನ್ನುವುದನ್ನು ಕಣ್ಣಾರೆ ನೋಡಿ, ಕಾಲಿನ ಪಟ್ಟಿ ಬಿಚ್ಚುತ್ತಿದ್ದೆ. ಬಾಗಿಲಲ್ಲಿ ನಿಂತಿದ್ದ ಯಜಮಾನರು ಗೋಡೆಯನ್ನೇ ನೋಡುತ್ತಿದ್ದರು. ಅಲ್ಲೊಂದು ಲೋಲಕದ ಗಡಿಯಾರ ನಿಂತಿತ್ತು. ಅದು ಹಾಗೆ ನಿಂತು ಎಷ್ಟು ಕಾಲವಾಗಿತ್ತೆಂದು ಮನೆಯವರಿಗೇ ನೆನಪಿರಲಿಲ್ಲ. ನಾನು ಹೊಸ ಪಟ್ಟಿ ಕಟ್ಟಿ ಮುಗಿಸುವಷ್ಟರಲ್ಲಿ ಅವರು ಪೆಟ್ಟಿಗೆ ತೆರೆದು ಅದಕ್ಕೆ ಕೈಹಾಕಿದ್ದರು, ಅದು ಟಿಕ್ ಎಂದಿತು. ಬಸ್ ಚಾಲಕರು ತಟ್ಟೆ ಪಕ್ಕಕ್ಕಿಟ್ಟು ಅದನ್ನೇ ನೋಡುತ್ತ ಕೂತರು.

ಹಾಸಿಗೆ ಹಿಡಿದವರ ಮನೆಗಳಲ್ಲಿ ಗಡಿಯಾರಗಳು ನಿಂತೇ ಇರುತ್ತವೆ. ಇಷ್ಟು ವರ್ಷ ನಾನು ಅದನ್ನು ಗಮನಿಸಿರಲೇ ಇಲ್ಲ. ಯಜಮಾನರು ಮರುದಿನವೂ ಬಂದರು, ಇಂಜಿನ್ನಿನ ಮೇಲೆ ಇನ್ನೂ ನಂಬಿಕೆ ಬಂದಿಲ್ಲವಂತೆ. ಅದಾಗಿ ಬಹಳ ದಿನಗಳಾದವು. ನಂಬಿಕೆ ಬರುವ ಲಕ್ಷಣ ಕಾಣುತ್ತಿಲ್ಲ. ರೌಂಡ್ ನನ್ನ ಕೈಯಲ್ಲೇ ಉಳಿಯಿತು, ನೆಲಮಾಳಿಗೆಯ ಮಾತನ್ನು ಮೇಲ್ವಿಚಾರಕಿ ಮತ್ತೆ ಎತ್ತಿಲ್ಲ. ರೋಗಿಗಳು ಮಾತ್ರ ಈಗ ಬಾಗಿಲ ಕಡೆ ಮುಖ ಮಾಡಿ, "ಗಡಿಯಾರದವರು ಬಂದ್ರಾ?" ಎಂದು ಕೇಳಿ, ಆಮೇಲೆ ನನಗೆ ತೋಳು ಒಡ್ಡುತ್ತಾರೆ.

ಮೊನ್ನೆ ನಾನು ಒಳಗೆ ಕಾಲಿಟ್ಟ ಕೂಡಲೇ ಬಸ್ ಚಾಲಕರು ಗೋಡೆಯ ಕಡೆ ಬೆರಳು ತೋರಿಸಿದರು.

"ಐದು ನಿಮಿಷ ತಡ, ಸಿಸ್ಟರ್."

ಇಷ್ಟು ವರ್ಷದಲ್ಲಿ ಆ ಮನೆಯಲ್ಲಿ ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಹೇಳಲು ಅವರ ಬಳಿ ಆಧಾರವೇ ಇರಲಿಲ್ಲ. ನೀವಾದರೂ ಹೇಳಿ ಎಂಬಂತೆ ಹಿಂದೆ ತಿರುಗಿ ಯಜಮಾನರನ್ನು ನೋಡಿದೆ. ಅವರು ಹೆಲ್ಮೆಟ್ ತೆಗೆದು, ಗಡಿಯಾರವನ್ನು ಒಮ್ಮೆ ನೋಡಿ, ನನ್ನನ್ನು ಒಮ್ಮೆ ನೋಡಿ, "ಆರು," ಎಂದರು.